ಮಾಡೆಲ್ ರಾಕೆಟ್ ಮೋಟಾರು ಕೈಕೊಟ್ಟಾಗ: ಏನು ಮಾಡಬೇಕು, ಕಾರಣ ಹುಡುಕುವುದು ಹೇಗೆ

ಗುಂಡಿ ಒತ್ತಿದಿರಿ, ರಾಕೆಟ್ ಕದಲಲಿಲ್ಲ. ಅಥವಾ ಕದಲಿತು, ಎರಡಾಳೆತ್ತರ ಹೋಗುವಷ್ಟರಲ್ಲಿ ಢಬ್ ಎಂದು ಬಾಲದ ಕಡೆ ಬಿಚ್ಚಿಕೊಂಡಿತು. ಇಲ್ಲವೇ ನೆಟ್ಟಗೆ ಹಾರಿ, ಪ್ಯಾರಾಶೂಟ್ ಬಿಚ್ಚದೆ, ಮೂತಿ ಕೆಳಗಾಗಿ ಬಂದು ನೆಲಕ್ಕೆ ನಾಟಿಕೊಂಡಿತು. ಮೂರಕ್ಕೂ ಮೈದಾನದಲ್ಲಿ ಕೇಳಿಬರುವ ಮಾತು ಒಂದೇ: “ಮೋಟಾರು ಸರಿಯಿಲ್ಲ.” ಮೊದಲನೆಯದರಲ್ಲಿ ಮೋಟಾರಿನ ತಪ್ಪಿರುವುದು ಬಲು ಅಪರೂಪ. ಎರಡನೆಯದರಲ್ಲಿ ತಪ್ಪು ಮೋಟಾರಿನದೇ, ಆದರೆ ಅದು ಕಾರ್ಖಾನೆಯಲ್ಲಿ ಹುಟ್ಟಿರಬಹುದು, ನಿಮ್ಮ ಕಾರಿನ ಡಿಕ್ಕಿಯಲ್ಲೂ ಹುಟ್ಟಿರಬಹುದು. ಮೂರನೆಯದನ್ನು ನೋಡದೆ ಹೇಳಲಾಗದು. ಯಾವುದೇ ಆಗಲಿ, ನಂಬಬಹುದಾದ ಸಾಕ್ಷಿ ಎಂದರೆ ಮೋಟಾರಿನ ಸುಟ್ಟ ಕವಚ, ಅಂದರೆ ಹೊರಕೊಳವೆ. ಅದನ್ನು ಕಸಕ್ಕೆ ಎಸೆಯುವ ಮುನ್ನ ಓದಲು ಕಲಿಯಬೇಕು.

ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ ಅಂಗಡಿಯಲ್ಲಿ ಸಿಗುವ, ಪ್ರಮಾಣೀಕೃತ ಮೋಟಾರುಗಳ ಬಗ್ಗೆ. ಅಲ್ಲಿರುವ ಕನ್ನಡದ ಮನೆಗಳಲ್ಲಿ ಶಾಲೆಯ ತಂಡಕ್ಕೋ ಸ್ಪರ್ಧೆಗೋ ಮಕ್ಕಳ ಜೊತೆ ರಾಕೆಟ್ ಹಾರಿಸುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಭಾರತದ ವಿಷಯ ಕೊನೆಯಲ್ಲಿದೆ.

ಮೋಟಾರಿನ ಒಳಗೆ ಏನಿದೆ

ಎಸ್ಟೆಸ್ ಕಂಪನಿಯ ಸಿ6-5 ಮೋಟಾರನ್ನೇ ತೆಗೆದುಕೊಳ್ಳಿ. 18 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಕಾಗದದ ಕೊಳವೆ. ಕೆಳಗಿನ ತುದಿಯಲ್ಲಿ ಜೇಡಿಮಣ್ಣಿನ ನಾಜಲ್ (ಅನಿಲ ಹೊರನುಗ್ಗುವ ಕಿರಿದಾದ ಬಾಯಿ), ಅದರ ಮೇಲೆ ಒತ್ತಿ ತುಂಬಿದ ಕರಿಮದ್ದು, ಅದರ ಮೇಲೆ ಹೊಗೆಯುಗುಳುತ್ತ ನಿಧಾನ ಉರಿಯುವ ಡಿಲೇ ಪದರ, ಆಮೇಲೆ ಪ್ಯಾರಾಶೂಟನ್ನು ಹೊರಗೆ ತಳ್ಳುವ ಪುಡಿಮದ್ದು, ತುದಿಗೆ ತೆಳುವಾದ ಜೇಡಿಮಣ್ಣಿನ ಮುಚ್ಚಳ. ‘ಸಿ’ ಎಂದರೆ ಒಟ್ಟು ಆವೇಗ (ನೂಕುಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು) 5.01ರಿಂದ 10 ನ್ಯೂಟನ್-ಸೆಕೆಂಡ್. 6 ಎಂದರೆ ಸರಾಸರಿ ನೂಕುಬಲ 6 ನ್ಯೂಟನ್. 5 ಎಂದರೆ ಮದ್ದು ಮುಗಿದ ಮೇಲೆ ಪ್ಯಾರಾಶೂಟ್ ತಳ್ಳುವವರೆಗಿನ ಸೆಕೆಂಡುಗಳು. ಕೊನೆಯ ಅಂಕಿ 0 ಇದ್ದರೆ ಅದು ಬಹುಹಂತದ ರಾಕೆಟ್ಟಿನ ಕೆಳಹಂತಕ್ಕೆ ಮೀಸಲು, ಡಿಲೇ ಇರುವುದಿಲ್ಲ. ಒಂಟಿ ರಾಕೆಟ್ಟಿಗೆ ಇದನ್ನು ಹಾಕಿ “ಮೋಟಾರು ಕೆಟ್ಟಿದೆ” ಎನ್ನುವವರು ಇದ್ದಾರೆ. ಆದ್ದರಿಂದ ದೂರುವ ಮೊದಲು ಅಂಕಿ ಓದಿ.

ಕವಚ ಕಾಗದದ್ದೇ ಆಗಿರುವುದಕ್ಕೆ ಕಾರಣವಿದೆ. ಒಡೆದರೆ ಕಾಗದ ಹರಿಯುತ್ತದೆ, ಚೂರುಗಳು ಗುಂಡಿನಂತೆ ಸಿಡಿಯುವುದಿಲ್ಲ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಳೆಯ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಕಬ್ಬಿಣ ಹೆಚ್ಚು ಒತ್ತಡ ತಾಳಿದ್ದರಿಂದಲೇ ಅವು ದೂರ ಹೋಗುತ್ತಿದ್ದವು. ಯುದ್ಧಕ್ಕೆ ಬೇಕಾದ ಆ ಗುಣವೇ ಮಕ್ಕಳು ನಿಂತ ಮೈದಾನದಲ್ಲಿ ಬೇಡದ್ದು.

ಗುಂಡಿ ಒತ್ತಿದರೂ ಹೊತ್ತಿಕೊಳ್ಳದಿದ್ದರೆ

ದೀಪಾವಳಿಯಲ್ಲಿ ಹೊತ್ತದ ಹೂಕುಂಡದ ಮೇಲೆ ಬಗ್ಗಿ ನೋಡಿ ಕಣ್ಣು ಕಳೆದುಕೊಂಡ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಹೊತ್ತದ ರಾಕೆಟ್ಟಿನ ಅಪಾಯವೂ ಅದೇ ಬಗೆಯದು. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ಸಂಹಿತೆ ಇಲ್ಲಿ ಖಡಾಖಂಡಿತ: ಕಂಟ್ರೋಲರಿನ (ಗುಂಡಿಯಿರುವ ಡಬ್ಬಿಯ) ಸೇಫ್ಟಿ ಕೀ ತೆಗೆಯಬೇಕು ಅಥವಾ ಬ್ಯಾಟರಿ ಸಂಪರ್ಕ ಕಳಚಬೇಕು, ಕೊನೆಯ ಪ್ರಯತ್ನದಿಂದ 60 ಸೆಕೆಂಡು ಯಾರೂ ಹತ್ತಿರ ಹೋಗಬಾರದು.

1. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಕಂಟ್ರೋಲರಿನಲ್ಲೇ ಬಿಟ್ಟರೆ ಯಾವುದೋ ಮಗು ಗುಂಡಿ ಒತ್ತುತ್ತದೆ.

2. ಗಡಿಯಾರ ನೋಡಿ 60 ಸೆಕೆಂಡು ಎಣಿಸಿ. ನಾಜಲ್‌ನಿಂದ ಹೊಗೆ ಎಳೆ ಕಂಡರೆ, ಹೊಗೆ ಪೂರ್ತಿ ನಿಂತ ಮೇಲೆ ಎಣಿಕೆಯನ್ನು ಮೊದಲಿನಿಂದ ಶುರು ಮಾಡಿ. ಸಂಹಿತೆ ಕೇಳುವುದಕ್ಕಿಂತ ಇದು ಹೆಚ್ಚು, ಆದರೆ ಒಳಗೆ ಕಿಡಿ ಉಳಿದಿದ್ದರೆ ಈ ಒಂದು ನಿಮಿಷವೇ ಕಾಪಾಡುತ್ತದೆ.

3. ಒಬ್ಬರೇ ಹೋಗಿ, ಪಕ್ಕದಿಂದ ಹೋಗಿ. ಮುಖವನ್ನು ರಾಕೆಟ್ಟಿನ ಮೂತಿಯ ಮೇಲೂ ನಾಜಲ್‌ನ ಎದುರಿಗೂ ತರಬೇಡಿ.

4. ಮೊದಲು ಸ್ಟಾರ್ಟರಿಗೆ (ಕರೆಂಟಿನಿಂದ ಕಾದು ಮದ್ದು ಹೊತ್ತಿಸುವ ತಂತಿಗೆ) ಸಿಕ್ಕಿಸಿದ ಎರಡೂ ಕ್ಲಿಪ್ ಕಳಚಿ. ಆಮೇಲೆ ರಾಕೆಟ್ಟನ್ನು ಉಡಾವಣೆಯ ಕಂಬಿಯಿಂದ ಮೇಲಕ್ಕೆಳೆದು, ಜನರಿಲ್ಲದ ಕಡೆ ಮೂತಿ ತಿರುಗಿಸಿ ಹಿಡಿದು, ಕೊನೆಯಲ್ಲಿ ಸ್ಟಾರ್ಟರನ್ನು ಹಿಡಿದಿಡುವ ಪ್ಲಗ್ಗನ್ನೂ ಸ್ಟಾರ್ಟರನ್ನೂ ಹೊರಗೆಳೆಯಿರಿ.

ಈಗ ಆ ಸ್ಟಾರ್ಟರನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಮದ್ದು ಹಾಗೇ ಇದೆಯೇ? ಹಾಗಿದ್ದರೆ ಕರೆಂಟೇ ತಲುಪಿಲ್ಲ, ಮೋಟಾರು ನಿರಪರಾಧಿ. ತುದಿ ಸುಟ್ಟು ಕಪ್ಪಾಗಿದೆ, ಮೋಟಾರು ಮಾತ್ರ ಹೊತ್ತಿಲ್ಲವೇ? ಸ್ಟಾರ್ಟರ್ ಮದ್ದಿಗೆ ತಾಗಿರಲಿಲ್ಲ. ಇದೇ ಎಲ್ಲಕ್ಕಿಂತ ಸಾಮಾನ್ಯ ಕಾರಣ. ಕ್ಲಿಪ್ಪಿನ ಭಾರಕ್ಕೆ ತಂತಿ ಒಂದೆರಡು ಮಿಲಿಮೀಟರ್ ಜಾರಿದರೂ ಸಾಕು, ಮಧ್ಯದ ಗಾಳಿಯಲ್ಲೇ ಶಾಖ ಕಳೆದುಹೋಗುತ್ತದೆ. ಹೊಸ ಸ್ಟಾರ್ಟರನ್ನು ನಾಜಲ್‌ನೊಳಗೆ ಮದ್ದು ತಾಗುವವರೆಗೆ ಮೆಲ್ಲಗೆ ನೂಕಿ, ಪ್ಲಗ್ಗನ್ನು ಬಿಗಿಯಾಗಿ ಒತ್ತಿ, ನಂತರ ಎರಡೂ ತಂತಿಗಳನ್ನು ಪ್ಲಗ್ಗಿನ ಮೇಲಕ್ಕೆ ಬಾಗಿಸಿ. ಒಂದು ಸಲ ಎಳೆದು ನೋಡಿ, ಅಲ್ಲಾಡಬಾರದು.

ಕರೆಂಟು ತಲುಪದಿದ್ದರೆ ಹುಡುಕಬೇಕಾದ ಜಾಗಗಳು ಕೆಲವೇ. ಕ್ಲಿಪ್ಪಿನ ಹಲ್ಲಿನ ಮೇಲೆ ಹಿಂದಿನ ಉಡಾವಣೆಗಳ ಕಿಟ್ಟ ಕಟ್ಟಿರುತ್ತದೆ, ಮರಳು ಕಾಗದದಿಂದ ತಿಕ್ಕಿದರೆ ಹೋಗುತ್ತದೆ. ಎರಡು ಕ್ಲಿಪ್ ಒಂದಕ್ಕೊಂದು ತಾಗಿದರೆ ಅಥವಾ ಕೆಳಗಿನ ಕಬ್ಬಿಣದ ತಗಡಿಗೆ ತಾಗಿದರೆ ಕರೆಂಟು ಅಡ್ಡದಾರಿಯಲ್ಲಿ ಹರಿದುಹೋಗುತ್ತದೆ. ಸ್ಟಾರ್ಟರಿನ ಕಾಲುಗಳು ನಾಜಲ್‌ನೊಳಗೆ ಒಂದರ ಮೇಲೊಂದು ಬಿದ್ದರೂ ಅದೇ ಕಥೆ. ಉಳಿದದ್ದು ಬ್ಯಾಟರಿ. ಕಂಟ್ರೋಲರಿನ ದೀಪ ಉರಿಯುತ್ತಿದೆ, ಹಾಗಾಗಿ ಬ್ಯಾಟರಿ ಚೆನ್ನಾಗಿದೆ ಎಂದು ನಂಬಬೇಡಿ. ದೀಪಕ್ಕೆ ಬೇಕಾದದ್ದು ಚಿಟಿಕೆ ಕರೆಂಟು, ಸ್ಟಾರ್ಟರಿಗೆ ಬೇಕಾದದ್ದು ಆಂಪಿಯರ್ ಲೆಕ್ಕದ್ದು. ದಣಿದ ನಾಲ್ಕು ಡಬಲ್-ಎ ಸೆಲ್‌ಗಳು ದೀಪ ಬೆಳಗಿಸುತ್ತವೆ, ಸ್ಟಾರ್ಟರ್ ಹೊತ್ತಿಸುವುದಿಲ್ಲ. ಬದಲಾಯಿಸುವಾಗ ನಾಲ್ಕನ್ನೂ ಒಟ್ಟಿಗೆ, ಆಲ್ಕಲೈನ್ ಸೆಲ್‌ಗಳಿಂದಲೇ ಬದಲಾಯಿಸಿ. ಮೋಟಾರಿನೊಳಗೆ ಇರುವ ಸ್ಟಾರ್ಟರಿಗೆ ಮಾತ್ರ ಮಲ್ಟಿಮೀಟರ್ ಹಚ್ಚಬೇಡಿ. ಅಳೆಯುವುದಿದ್ದರೆ ಹೊರಗೆ ತೆಗೆದು ಅಳೆಯಿರಿ.

ನಾಜಲ್‌ನ ತೂತಿನಲ್ಲಿ ಜೇಡಿಮಣ್ಣಿನ ಪುಡಿಯೋ ಮುರಿದ ತಂತಿಯೋ ಸಿಕ್ಕಿಕೊಂಡಿದ್ದರೆ ಸೂಜಿ, ಡ್ರಿಲ್ ಹಾಕಿ ಕೆದಕುವ ಆಸೆ ಬರುತ್ತದೆ. ಮಾಡಬೇಡಿ. ತೂತು ಒಂದಿಷ್ಟು ಹಿಗ್ಗಿದರೂ ಕುಗ್ಗಿದರೂ ಒಳಗಿನ ಒತ್ತಡ ಬದಲಾಗುತ್ತದೆ. ಮೋಟಾರನ್ನು ಯಾವ ರೀತಿಯಲ್ಲೂ ತಿದ್ದಬಾರದೆಂದು ಸಂಹಿತೆಯೂ ಹೇಳುತ್ತದೆ. ಮೇಲ್ಮುಖ ಮಾಡಿ ತಟ್ಟದೆ, ನಾಜಲ್ ಕೆಳಗಾಗಿ ಹಿಡಿದು ಮೆಲ್ಲಗೆ ಅಲುಗಿಸಿದಾಗ ಬೀಳದಿದ್ದರೆ ಆ ಮೋಟಾರನ್ನು ಪಕ್ಕಕ್ಕಿಡಿ.

ಸಿಡಿದರೆ

ಅಮೆರಿಕದ ಹವ್ಯಾಸಿಗಳು ಇದನ್ನು ‘ಕೇಟೋ’ ಎನ್ನುತ್ತಾರೆ. ಡಿ ಅಥವಾ ಅದಕ್ಕಿಂತ ಚಿಕ್ಕ ಮೋಟಾರಿಗೆ 15 ಅಡಿ, ಅದಕ್ಕಿಂತ ದೊಡ್ಡದಕ್ಕೆ 30 ಅಡಿ ದೂರ ನಿಲ್ಲಬೇಕು ಎನ್ನುವ ನಿಯಮ ಇದೇ ಗಳಿಗೆಗೆ. ಸಿಡಿದ ಕೂಡಲೇ ರಾಕೆಟ್ಟಿನ ಕಡೆ ಓಡಬೇಡಿ. ಕಣ್ಣು ಹುಲ್ಲಿನ ಮೇಲಿರಲಿ. ಉರಿಯುವ ಮದ್ದಿನ ತುಂಡು ಒಣಹುಲ್ಲಿಗೆ ಬಿದ್ದರೆ ಅದೇ ನಿಜವಾದ ಅನಾಹುತ. ಬಕೆಟ್ ನೀರು ಅಥವಾ ಅಗ್ನಿಶಾಮಕ ಸಿಲಿಂಡರ್ ಉಡಾವಣಾ ಪ್ಯಾಡಿನ ಹತ್ತಿರ ಮೊದಲೇ ಇಟ್ಟಿರಬೇಕು. ಉರಿ, ಹೊಗೆ ಎಲ್ಲ ನಿಂತ ಮೇಲೆ, ಏನನ್ನೂ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಉರಿಯದೆ ಬಿದ್ದ ಕಪ್ಪು ಚೂರುಗಳನ್ನು ಹೆಕ್ಕಿ ನೀರಿಗೆ ಹಾಕಿ.

ಕವಚ ತಣ್ಣಗಾದ ಮೇಲೆ ಅದು ಏನು ಹೇಳುತ್ತದೆ ನೋಡಿ.

ಕೊಳವೆ ಗಟ್ಟಿಯಾಗಿದೆ, ನಾಜಲ್ ಮಾತ್ರ ಹಾರಿಹೋಗಿದೆ: ಒಳಗಿನ ಒತ್ತಡ ಒಮ್ಮೆಗೇ ಏರಿದೆ, ಜೇಡಿಮಣ್ಣು ತಡೆದುಕೊಂಡಿಲ್ಲ. ಕೊಳವೆ ಉದ್ದಕ್ಕೆ ಸೀಳಿದೆ: ಇದೂ ಒತ್ತಡದ್ದೇ, ಆದರೆ ಸೋತದ್ದು ಕಾಗದ. ಕೊಳವೆಯ ಒಳಗೆ ಪೂರ್ತಿ ಖಾಲಿ, ನಾಜಲ್ ಸ್ವಸ್ಥಾನದಲ್ಲೇ ಇದೆ, ರಾಕೆಟ್ಟಿನ ಒಳಭಾಗ ಮತ್ತು ಪ್ಯಾರಾಶೂಟ್ ಕರಕಲಾಗಿವೆ: ಉರಿಯುವ ಮದ್ದಿನ ಗಟ್ಟಿ ಮೇಲ್ಮುಖವಾಗಿ ಡಿಲೇಯನ್ನೂ ಸೇರಿಸಿಕೊಂಡು ಹೊರಬಿದ್ದಿದೆ. ಪಕ್ಕದಲ್ಲಿ ಸುಟ್ಟ ತೂತು: ಬೆಂಕಿ ಒಂದೇ ಜಾಗದಲ್ಲಿ ಗೋಡೆಯನ್ನು ಕೊರೆದಿದೆ.

ಇವುಗಳಲ್ಲಿ ಮೊದಲ ಮೂರರ ಮೂಲ ಹೆಚ್ಚಾಗಿ ಒಂದೇ, ಅದನ್ನು ಸ್ವಲ್ಪ ನಿಂತು ಅರ್ಥಮಾಡಿಕೊಳ್ಳಬೇಕು. ಕರಿಮದ್ದಿನ ಮೋಟಾರು ಸರಿಯಾಗಿ ಉರಿಯುವುದು ಕೆಳಗಿನಿಂದ ಮೇಲಕ್ಕೆ, ಪದರ ಪದರವಾಗಿ. ಮದ್ದಿನ ಗಟ್ಟಿ ಕಾಗದದ ಗೋಡೆಗೆ ಅಂಟಿಕೊಂಡಿರುವವರೆಗೆ ಬೆಂಕಿಗೆ ಬೇರೆ ದಾರಿಯಿಲ್ಲ. ಆದರೆ ಮದ್ದು ಮತ್ತು ಕಾಗದ ಬಿಸಿಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಚಳಿಗೆ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಹಗಲು ಕಾದು ರಾತ್ರಿ ತಣಿದು, ಮತ್ತೆ ಕಾದು ತಣಿದು, ಕೊನೆಗೊಂದು ದಿನ ಗೋಡೆಯಿಂದ ಗಟ್ಟಿ ಬಿಡುತ್ತದೆ, ಇಲ್ಲವೇ ಗಟ್ಟಿಯಲ್ಲೇ ಬಿರುಕು ಬೀಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹೊತ್ತಿಸಿದಾಗ ಬೆಂಕಿ ಆ ಸಂದಿಯಲ್ಲಿ ನುಗ್ಗಿ ಪಕ್ಕವನ್ನೂ ಹೊತ್ತಿಸುತ್ತದೆ. ಉರಿಯುವ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಅಷ್ಟು ಅನಿಲ ನಾಜಲ್‌ನ ತೂತಿನಲ್ಲಿ ಹೊರಹೋಗಲಾಗದೆ ಎಲ್ಲಿ ದುರ್ಬಲವೋ ಅಲ್ಲಿ ಒಡೆಯುತ್ತದೆ. ಗಟ್ಟಿ ನೆಲಕ್ಕೆ ಬಿದ್ದ ಮೋಟಾರಿನಲ್ಲೂ ಇದೇ ಬಗೆಯ ಬಿರುಕು ಬರಬಹುದು. 24 ಮಿ.ಮೀ. ದಪ್ಪ, 95 ಮಿ.ಮೀ. ಉದ್ದದ ಕರಿಮದ್ದಿನ ಇ-ವರ್ಗದ ಮೋಟಾರುಗಳಲ್ಲಿ ಇದಕ್ಕೆ ಹೆಚ್ಚು ಎಚ್ಚರ ಬೇಕು, ಯಾಕೆಂದರೆ ಗಟ್ಟಿ ಉದ್ದವಾದಷ್ಟೂ ಹಿಗ್ಗುವ ವ್ಯತ್ಯಾಸವೂ ಹೆಚ್ಚು.

ಟೆಕ್ಸಸ್, ಅರಿಝೋನಾದ ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಡಿಕ್ಕಿ, ಮಿನೆಸೋಟದ ಚಳಿಗಾಲದಲ್ಲಿ ಗ್ಯಾರೇಜು, ಎರಡೂ ಮೋಟಾರಿಗೆ ಕೆಟ್ಟ ಜಾಗ. ಮನೆಯೊಳಗೆ, ಜನ ವಾಸಿಸುವ ಉಷ್ಣತೆಯಲ್ಲಿ, ಬೆಂಕಿಯಿಂದ ದೂರ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮೈದಾನಕ್ಕೆ ಒಯ್ಯುವಾಗ ಐಸ್ ಹಾಕದ ಥರ್ಮಕೋಲ್ ಪೆಟ್ಟಿಗೆ, ಅದನ್ನಿಡಲು ನೆರಳು. ಹೀಗೆ ಇಟ್ಟ ಕರಿಮದ್ದಿನ ಮೋಟಾರು ದಶಕಗಳ ನಂತರವೂ ಹಾರುತ್ತದೆ. ಅದನ್ನು ಕೆಡಿಸುವುದು ವಯಸ್ಸಿಗಿಂತ ಹೆಚ್ಚಾಗಿ ಉಷ್ಣತೆಯ ಏರಿಳಿತ. ಸಂತೆಯಲ್ಲೋ ಹಳೆ ಸಾಮಾನಿನ ಮಾರಾಟದಲ್ಲೋ ಸಿಕ್ಕ, ಎಲ್ಲಿತ್ತೆಂದು ಗೊತ್ತಿಲ್ಲದ ಮೋಟಾರನ್ನು ಅಗ್ಗವೆಂದು ಕೊಳ್ಳದಿರುವುದೇ ಒಳ್ಳೆಯದು. ಕಿವಿಯ ಹತ್ತಿರ ಅಲುಗಿಸಿ, ಬೆರಳಿಂದ ತಟ್ಟಿ ಒಳಗಿನ ಬಿರುಕು ಕಂಡುಹಿಡಿಯಲು ಆಗುವುದಿಲ್ಲ.

ಪ್ಯಾರಾಶೂಟ್ ಬರದಿದ್ದರೆ

ಕವಚದ ಮೇಲ್ತುದಿ ನೋಡಿ. ಜೇಡಿಮಣ್ಣಿನ ಮುಚ್ಚಳ ಹಾಗೇ ಕೂತಿದ್ದರೆ ಪುಡಿಮದ್ದು ಹೊತ್ತಿಲ್ಲ: ಡಿಲೇ ನಡುವೆ ನಂದಿದೆ ಅಥವಾ ಪುಡಿಮದ್ದೇ ಇಲ್ಲ. ಇದು ಅಪ್ಪಟ ಮೋಟಾರಿನ ದೋಷ, ಆ ಕವಚದಲ್ಲಿ ಇನ್ನೂ ಮದ್ದಿರಬಹುದು, ಜೀವಂತ ಮೋಟಾರೆಂದೇ ಭಾವಿಸಿ.

ಮುಚ್ಚಳ ಹಾರಿದೆ, ಮೇಲ್ಬಾಯಿ ಕಪ್ಪಾಗಿದೆ, ಆದರೂ ಪ್ಯಾರಾಶೂಟ್ ಒಳಗೇ ಉಳಿದಿದೆಯೇ? ಆಗ ಮೋಟಾರು ತನ್ನ ಕೆಲಸ ಮಾಡಿದೆ. ಮೂತಿ ಬಿಗಿಯಾಗಿತ್ತು, ಪ್ಯಾರಾಶೂಟ್ ಸುಡದಂತೆ ಇಡುವ ವಾಡಿಂಗ್ ಕಾಗದವನ್ನು ತುರುಕಿದ್ದಿರಿ, ಅಥವಾ ಮೋಟಾರೇ ಹಿಂದಕ್ಕೆ ಹಾರಿಹೋಗಿದೆ. ಕೊನೆಯದು ಗೊತ್ತಾಗುವುದು ಸುಲಭ: ರಾಕೆಟ್ಟಿನಲ್ಲಿ ಮೋಟಾರೇ ಇರುವುದಿಲ್ಲ. ಮೋಟಾರನ್ನು ಹಿಡಿದಿಡುವ ಕೊಕ್ಕೆ ಬಾಗಿದ್ದರೆ ಸರಿಪಡಿಸಿ. ಕೊಕ್ಕೆಯಿಲ್ಲದ ರಾಕೆಟ್ಟಿನಲ್ಲಿ ಕವಚಕ್ಕೆ ಟೇಪ್ ಸುತ್ತಿ, ಬಲವಾಗಿ ನೂಕಿದರೆ ಮಾತ್ರ ಒಳಹೋಗುವಷ್ಟು ಬಿಗಿ ಮಾಡಿ. ಮೂತಿಯ ಬಿಗಿ ಪರೀಕ್ಷಿಸಲು ಮೂತಿ ಹಿಡಿದು ಇಡೀ ರಾಕೆಟ್ಟನ್ನು ಎತ್ತಿ ಮೆಲ್ಲಗೆ ಅಲುಗಿಸಿ: ತೂಕಕ್ಕೆ ಕಳಚಬಾರದು, ಅಲುಗಿಸಿದರೆ ಕಳಚಬೇಕು.

ಪ್ಯಾರಾಶೂಟ್ ತಡವಾಗಿ ಬಂತು ಎನ್ನುವ ದೂರಿಗೆ ಫೋನಿನ ವಿಡಿಯೋ ಬೇಕು. ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಜ್ವಾಲೆ ನಿಂತ ಫ್ರೇಮಿನಿಂದ ಮೂತಿ ಕಳಚಿದ ಫ್ರೇಮಿನವರೆಗೆ ಎಣಿಸಿ 30ರಿಂದ ಭಾಗಿಸಿ. ಅಮೆರಿಕದ ಮಾನದಂಡ ಡಿಲೇಯಲ್ಲಿ ಶೇ. 20 ಅಥವಾ 1.5 ಸೆಕೆಂಡು, ಯಾವುದು ಹೆಚ್ಚೋ ಅಷ್ಟು ಏರುಪೇರಿಗೆ ಅವಕಾಶ ಕೊಡುತ್ತದೆ, 3 ಸೆಕೆಂಡು ಮೀರುವಂತಿಲ್ಲ. ಅಂದರೆ 5 ಸೆಕೆಂಡಿನ ಡಿಲೇ 3.5ಕ್ಕೆ ಬಂದರೂ 6.5ಕ್ಕೆ ಬಂದರೂ ನಿಯಮದೊಳಗೇ ಇದೆ. 195 ಫ್ರೇಮು ಮೀರಿದರೆ ದೂರು ಕೊಡಿ. ಸ್ಪರ್ಧೆಗೆ ತಯಾರಾಗುವ ತಂಡಗಳು ಕವಚದ ಮೇಲೆ ಒಂದೇ ತಯಾರಿಕೆ ತಾರೀಖಿನ ಸಂಕೇತವಿರುವ ಮೋಟಾರುಗಳನ್ನು ಒಟ್ಟಿಗೆ ಕೊಳ್ಳುವುದು ಈ ಏರುಪೇರು ತಗ್ಗಿಸಲೆಂದೇ.

ಕಾಂಪೊಸಿಟ್ ಮೋಟಾರಿನ ಕಾಯಿಲೆಗಳು ಬೇರೆ

ಏರೋಟೆಕ್‌ನಂಥ ಕಂಪನಿಗಳ ಮೋಟಾರಿನಲ್ಲಿ ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಂಥ ವಸ್ತುವಿನಲ್ಲಿ ಕಲಸಿದ ಇಂಧನವಿರುತ್ತದೆ. ಇದು ಚೆನ್ನಾಗಿ ಉರಿಯಲು ಒಳಗೆ ಒತ್ತಡ ಬೇಕು. ಒತ್ತಡ ಸಾಲದಿದ್ದರೆ ಭುಸ್, ಭುಸ್ ಎಂದು ಉಗುಳುತ್ತ ಪ್ಯಾಡಿನ ಮೇಲೇ ನಿಂತಿರುತ್ತದೆ, ಆಮೇಲೆ ನಂದುತ್ತದೆ ಅಥವಾ ಯಾರೂ ನಿರೀಕ್ಷಿಸದ ಹೊತ್ತಿಗೆ ಹಾರುತ್ತದೆ. ಹೀಗಾಗಿ ಇವುಗಳ ಹತ್ತಿರ ಹೋಗಲು ಒಂದು ನಿಮಿಷಕ್ಕಿಂತ ಹೆಚ್ಚೇ ಕಾಯಿರಿ.

ಕಾರಣ ಬಹುಮಟ್ಟಿಗೆ ಸ್ಟಾರ್ಟರ್. ಇಲ್ಲಿ ಅದು ನಾಜಲ್‌ನ ಬಳಿ ಇದ್ದರೆ ಸಾಲದು, ಇಂಧನದ ನಡುವಿನ ತೂತಿನುದ್ದಕ್ಕೂ ಹೋಗಿ ಮೇಲಿನ ತುದಿ ತಾಗಬೇಕು. ತಾಗಿದ ಮೇಲೆ ನಾಜಲ್‌ನ ಅಂಚಿನಲ್ಲಿ ತಂತಿಗೆ ಟೇಪಿನ ಗುರುತು ಹಾಕಿ. ಪ್ಯಾಡಿನ ಮೇಲೆ ಗುರುತು ಕೆಳಗಿಳಿದಿದ್ದರೆ ಸ್ಟಾರ್ಟರ್ ಜಾರಿದೆ. ನಾಜಲ್‌ನ ಪ್ಲಾಸ್ಟಿಕ್ ಟೋಪಿಯಲ್ಲಿ ಅನಿಲ ಹೊರಹೋಗಲು ಸಂದಿ ಬಿಡಬೇಕು, ಪೂರ್ತಿ ಮುಚ್ಚಿದರೆ ಹೊತ್ತುವ ಗಳಿಗೆಯಲ್ಲೇ ಒತ್ತಡ ಮಿತಿಮೀರಬಹುದು. ಬ್ಯಾಟರಿ 12 ವೋಲ್ಟಿನದೇ ಇರಲಿ.

ಮತ್ತೆ ಮತ್ತೆ ತುಂಬಿ ಬಳಸುವ ಅಲ್ಯೂಮಿನಿಯಂ ಕವಚಗಳಲ್ಲಿ ತಪ್ಪು ಜೋಡಿಸುವವರ ಕೈಯಲ್ಲಿರುತ್ತದೆ. ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಉಂಗುರ) ಒಂದು ಬಿಟ್ಟುಹೋದರೆ, ತಿರುಚಿದರೆ, ಗ್ರೀಸ್ ಇಲ್ಲದೆ ಕೂರಿಸಿ ಹರಿದರೆ, ಬಿಸಿ ಅನಿಲ ಆ ಸಂದಿಯಲ್ಲಿ ನುಗ್ಗಿ ಅಲ್ಯೂಮಿನಿಯಂ ಕೊರೆಯುತ್ತದೆ. ಮೇಲ್ಭಾಗದಲ್ಲಾದರೆ ಪ್ಯಾರಾಶೂಟಿನ ಮದ್ದು ಏರುವಾಗಲೇ ಹೊತ್ತುತ್ತದೆ. ಜೋಡಿಸುವ ಮುನ್ನ ಎಲ್ಲ ಬಿಡಿಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಕೈಪಿಡಿಯ ಚಿತ್ರದ ಜೊತೆ ಒಂದೊಂದಾಗಿ ಹೋಲಿಸಿ. ಮುಗಿದಾಗ ಬಟ್ಟೆಯ ಮೇಲೆ ಉಂಗುರ ಉಳಿದಿದ್ದರೆ ಬಿಚ್ಚಿ ಮತ್ತೆ ಜೋಡಿಸಿ.

ದೂರು ಕೊಡುವುದು

ಕವಚದ ಮೇಲೆ ಅಚ್ಚಾದ ತಾರೀಖಿನ ಸಂಕೇತ ಇಲ್ಲಿ ಮುಖ್ಯ. ಸಿಡಿದಾಗ ಸುಟ್ಟುಹೋಗುವುದೂ ಅದೇ. ಹಾಗಾಗಿ ಪೊಟ್ಟಣ ತೆರೆದ ದಿನವೇ ಸಂಕೇತದ ಫೋಟೋ ತೆಗೆದಿಟ್ಟುಕೊಳ್ಳಿ. ಸಿಡಿದ ಮೇಲೆ ಬೇಕಾದದ್ದು: ಬಿದ್ದ ಜಾಗದಲ್ಲೇ ರಾಕೆಟ್ಟಿನ ಫೋಟೋ, ಕವಚದ ಎರಡೂ ತುದಿಗಳ ಫೋಟೋ, ಕೊಂಡ ರಸೀದಿ, ಆ ದಿನದ ಉಷ್ಣತೆ, ಮೋಟಾರು ಎಲ್ಲೆಲ್ಲಿತ್ತು ಎನ್ನುವ ವಿವರ. ಡಿಕ್ಕಿಯಲ್ಲಿತ್ತು ಎನ್ನುವುದನ್ನೂ ಮುಚ್ಚಿಡಬೇಡಿ. ಕಂಪನಿಗೆ ಬರೆಯಿರಿ. ಕವಚವನ್ನು ಉತ್ತರ ಬರುವವರೆಗೆ ಜಿಪ್ ಚೀಲದಲ್ಲಿಡಿ. ಉರಿಯದ ಮೋಟಾರನ್ನು ಮಾತ್ರ ಅಂಚೆಯಲ್ಲಿ ಹಿಂದಿರುಗಿಸಲು ಹೋಗಬೇಡಿ, ಅದು ಅಪಾಯಕಾರಿ ಸರಕು.

ಜೊತೆಗೆ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ನಡೆಸುವ, ಕೆಟ್ಟ ಮೋಟಾರುಗಳ ಅಂಕಿಅಂಶ ಸಮೀಕ್ಷೆಯ ಅರ್ಜಿಯನ್ನೂ ತುಂಬಿ. ಹವ್ಯಾಸಿಗಳ ನಡುವೆ ಇದರ ಹೆಸರು ‘ಮೆಸ್’. ಹೊಸ ಮೋಟಾರು ಸಿಕ್ಕಿತು, ಇನ್ನೇಕೆ ಎಂದು ಬಿಡುವವರೇ ಹೆಚ್ಚು, ಅದು ಸಲ್ಲದು. ಒಂದು ಸಿಡಿತ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದೇ ಸಂಕೇತದ ಮೋಟಾರುಗಳು ಬೇರೆ ಬೇರೆ ರಾಜ್ಯಗಳಲ್ಲಿ ಸಿಡಿದ ವರದಿಗಳು ಒಂದೆಡೆ ಸೇರಿದಾಗಲೇ ತಯಾರಿಕೆಯ ದೋಷ ಕಣ್ಣಿಗೆ ಬೀಳುವುದು. ಪ್ರಮಾಣಪತ್ರ ಕೊಡುವುದೂ ಹಿಂಪಡೆಯುವುದೂ ಇಂಥ ಸಂಸ್ಥೆಗಳ ಪರೀಕ್ಷಾ ವಿಭಾಗ.

ಬೇಡದ ಮೋಟಾರನ್ನು ಕಳೆಯುವುದು

ಕರಿಮದ್ದಿನ ಮೋಟಾರಾದರೆ ಸ್ಟಾರ್ಟರ್ ತೆಗೆದು, ಮನೆಯ ಹೊರಗೆ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ. ಕಾಗದದ ಸುರುಳಿ ಬಿಚ್ಚಿಕೊಂಡು ಮದ್ದು ಕೆಸರಾಗುವವರೆಗೆ ಬಿಡಿ; ರಾತ್ರಿಯಿಡೀ ಬಿಟ್ಟರೆ ಚಿಂತೆಯಿಲ್ಲ. ಒಣಗಲು ಬಿಡದೆ, ಒದ್ದೆಯಾಗಿರುವಾಗಲೇ ಕಸಕ್ಕೆ ಹಾಕಿ. ಒಣ ಮೋಟಾರನ್ನು ಕತ್ತರಿಸುವುದು, ಮದ್ದು ಕೆರೆದು ತೆಗೆಯುವುದು ಬೇಡವೇ ಬೇಡ, ತಿಕ್ಕಾಟದ ಕಿಡಿ ಸಾಕು. ಕಾಂಪೊಸಿಟ್ ಇಂಧನ ರಬ್ಬರಿನಂತಿರುವುದರಿಂದ ನೀರಿಗೆ ಕರಗಿ ಬೀಳುವುದಿಲ್ಲ. ಕಂಪನಿಯನ್ನು ಕೇಳಿ, ಅಥವಾ ನಿಮ್ಮ ಕ್ಲಬ್ಬಿನ ಅನುಭವಿಗಳ ಕೈಗೆ ಕೊಡಿ.

ಅಮೆರಿಕದಿಂದ ಊರಿಗೆ ಬರುವಾಗ ಉಳಿದ ಮೋಟಾರುಗಳನ್ನು ಸೂಟ್‌ಕೇಸಿನಲ್ಲಿ ಹಾಕಬೇಡಿ. ವಿಮಾನದ ಕೈಚೀಲದಲ್ಲೂ, ಒಪ್ಪಿಸುವ ಲಗೇಜಿನಲ್ಲೂ ಅವು ನಿಷಿದ್ಧ. ಭಾರತದಲ್ಲಿ ಇಂಥ ಮದ್ದು 1884ರ ಸ್ಫೋಟಕ ಕಾಯ್ದೆ ಮತ್ತು 2008ರ ಸ್ಫೋಟಕ ನಿಯಮಗಳ ವ್ಯಾಪ್ತಿಗೆ ಬರುತ್ತದೆ, ಪರವಾನಗಿಯ ಅಧಿಕಾರ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯದು. ಇಲ್ಲಿನ ಹುಡುಗರು ವಿಡಿಯೋ ನೋಡಿ ಸಕ್ಕರೆ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಒಲೆಯ ಮೇಲೆ ಕಲಸಲು ಹೊರಡುತ್ತಾರೆ. ಮನೆಯಲ್ಲಿ ತಯಾರಿಸಿದ ಮೋಟಾರಿನ ಬಿರುಕು, ಗುಳ್ಳೆಗಳಿಗೆ ಸಂಕೇತವೂ ಇಲ್ಲ, ಪರೀಕ್ಷೆಯೂ ಇಲ್ಲ, ಹೊತ್ತಿಕೊಳ್ಳುವುದು ಒಲೆಯ ಮೇಲೆಯೇ ಆಗಬಹುದು. ರಾಕೆಟ್ ಹಾರಿಸುವ ಆಸೆಯಿರುವ ಇಲ್ಲಿನ ಮಕ್ಕಳಿಗೆ ಮದ್ದಿಲ್ಲದ ದಾರಿಯೊಂದಿದೆ: ಎರಡು ಲೀಟರಿನ ಪಾನೀಯದ ಬಾಟಲಿ, ಮೂರನೇ ಒಂದು ಭಾಗ ನೀರು, ಸೈಕಲ್ ಪಂಪು. ಅಲ್ಲೂ ಗೀರು ಬಿದ್ದ, ಬಿಳಿಚಿಕೊಂಡ ಹಳೆಯ ಬಾಟಲಿಯನ್ನು ಎಸೆಯಬೇಕು, ಗಾಳಿ ತುಂಬುವಾಗ ಉದ್ದದ ಟ್ಯೂಬ್ ಹಾಕಿ ದೂರ ನಿಲ್ಲಬೇಕು.